ಬಕೆಟ್ಟಿನೊಳಗಿನ ವಿಷಗಾಳಿ

(ಪೌರಕಾರ್ಮಿಕರ ಸಭೆಯಲ್ಲಿ ಆಡಿದ ಮಾತು)



ನಾನು ಬಿ.ಎ. ಓದಿದವನು, ಕೆಮಿಸ್ಟ್ರಿ ಮೇಷ್ಟ್ರಲ್ಲ. ಆದರೂ ಇವತ್ತು ಕವನ ಬಿಟ್ಟು ಬ್ಲೀಚಿಂಗ್ ಪೌಡರ್ ಬಗ್ಗೆ ಮಾತಾಡ್ತೀನಿ. ಯಾಕೆಂದರೆ ಊರಿನ ಚರಂಡಿಗೆ, ಕಕ್ಕಸಿಗೆ ಅದನ್ನು ಸುರಿಯುವ ಕೈ ನಮ್ಮದು. ಮೂಟೆ ಮೇಲೆ ಬರೆದಿರೋದು ಮಾತ್ರ ಇಂಗ್ಲಿಷು.

ಪೌಡರಿನೊಳಗೆ ಇರೋದು ಕ್ಲೋರಿನ್. ಸುಣ್ಣ ಅದನ್ನು ಕಟ್ಟಿಹಾಕಿಕೊಂಡಿರುತ್ತೆ. ಕಲೆ ಹೋಗಲಿಲ್ಲ ಅಂತ ಅದರ ಮೇಲೆ ಆಸಿಡ್ ಸುರಿದಿರೋ, ಕಟ್ಟು ಬಿಚ್ಚಿಹೋಯಿತು. ಹಸಿರು-ಹಳದಿ ಗಾಳಿ ಏಳುತ್ತೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರದಲ್ಲಿ ಜರ್ಮನ್ ಸೈನ್ಯ ಶತ್ರುಗಳ ಮೇಲೆ ಬಿಟ್ಟಿದ್ದು ಇದೇ ಗಾಳಿ. ಮಾಮೂಲಿ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಮೇಲೆ ಹಾರಿಹೋಗಲ್ಲ, ತಗ್ಗಿಗೆ ಇಳಿಯುತ್ತೆ. ಅಲ್ಲಿ ಕಂದಕದಲ್ಲಿ ಸೈನಿಕರಿದ್ದರು. ಇಲ್ಲಿ ತಗ್ಗಿನಲ್ಲಿ ಬಗ್ಗಿ ಉಜ್ಜುವವರು ಯಾರು, ನೀವೇ ಹೇಳಿ.

ಗಬ್ಬು ನಾರುವ ಮೂತ್ರಿಖಾನೆಯಲ್ಲಿ ಅಮೋನಿಯಾ ಇರುತ್ತೆ. ಪೌಡರ್ ಬಿದ್ದರೆ ಕ್ಲೋರಮಿನ್ ಎಂಬ ಇನ್ನೊಂದು ಘಾಟು, ಕಣ್ಣುರಿ, ಕೆಮ್ಮು. ಮೊದಲು ನೀರು ಹೊಡೆದು ತೊಳೀರಿ, ಆಮೇಲೆ ಪೌಡರ್.

ಪೌಡರೂ ಕ್ಲೋರಿನ್ನೇ, ಈಜುಕೊಳಕ್ಕೆ ಹಾಕೋ ಬಿಳಿ ಗುಳಿಗೆಯೂ ಕ್ಲೋರಿನ್ನೇ, ಸೇರಿಸಿದರೇನು ಅಂತ ಮೇಸ್ತ್ರಿ ಅಂದಾನು. ಕೇಳಬೇಡಿ. (ಜಾತಿ ಬೆರೆಯಲಿ ಅಂತ ಹೋರಾಡೋ ನಾವು ಇಲ್ಲಿ ಮಾತ್ರ ಬೆರಕೆ ಬೇಡ ಅಂತೀವಿ!) ಆ ಗುಳಿಗೆ ಟ್ರೈಕ್ಲೋರೋ ಐಸೋಸಯನೂರಿಕ್ ಆಸಿಡ್, ಅದರೊಳಗೆ ಸಾರಜನಕ ಇದೆ. ಪೌಡರಿನದು ಸುಣ್ಣದ ಗುಣ. ಎರಡೂ ಕೂಡಿದಲ್ಲಿ ಒಂದಿಷ್ಟು ತೇವ ತಾಕಿದರೆ ಸಾಕು, ಕಾವೇರಿ ಕ್ಲೋರಿನ್ ಉಗುಳುತ್ತೆ. ನೈಟ್ರೋಜನ್ ಟ್ರೈಕ್ಲೋರೈಡ್ ಅನ್ನೋ ಸ್ಫೋಟಕವೂ ಹುಟ್ಟಬಹುದು. ಬೆರಕೆ ಇರಲಿ, ಬರೀ ಗುಳಿಗೆಯ ಕತೆ ಕೇಳಿ: 2024ರ ಸೆಪ್ಟೆಂಬರ್ 29ರಂದು ಅಮೆರಿಕದ ಕಾನ್ಯರ್ಸ್ ಊರಿನ ಕಾರ್ಖಾನೆಯಲ್ಲಿ ಇಂಥ ದಾಸ್ತಾನಿಗೆ ನೀರು ತಾಕಿ, ಸುಮಾರು 17,000 ಜನ ಮನೆ ಬಿಟ್ಟು ಓಡಬೇಕಾಯಿತು.

ಗುಳಿಗೆ ಅಳೆದ ಡಬ್ಬದಲ್ಲಿ ಪೌಡರ್ ಅಳೀಬೇಡಿ. ನೀರಿಗೆ ಪೌಡರ್ ಹಾಕಿ, ಪೌಡರಿಗೆ ನೀರಲ್ಲ. ಘಾಟು ಬಂತೋ, ಕೆಲಸ ಅಲ್ಲೇ ಬಿಟ್ಟು ಬಯಲಿಗೆ, ಎತ್ತರಕ್ಕೆ ನಡೀರಿ. ಮೂಗಿಗೆ ಸೆರಗು ಕಟ್ಟಿದರೆ ಈ ಗಾಳಿ ನಿಲ್ಲಲ್ಲ. ಕಣ್ಣಿಗೆ ಕಾಲು ಗಂಟೆ ನೀರು ಹಾಕಿ. ಆರಾಮಾಯ್ತು ಅನ್ನಿಸಿದರೂ ಆಸ್ಪತ್ರೆಗೆ ಹೋಗಿ, ಪುಪ್ಪುಸದಲ್ಲಿ ನೀರು ತುಂಬೋದು ಎಷ್ಟೋ ಗಂಟೆ ಆದಮೇಲೂ ಉಂಟು.

ಚರಂಡಿಯಲ್ಲಿ ಸತ್ತವರ ಮನೆಯವರಿಗೆ 30 ಲಕ್ಷ ಕೊಡಿ ಅಂತ 2023ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದು ಸತ್ತ ಮೇಲಿನ ಮಾತು. ಬದುಕಿರೋವಾಗ ಗ್ಲೌಸು, ಕ್ಲೋರಿನ್ ತಡೆಯೋ ಮುಖವಾಡ, ಮೂಟೆ ಮೇಲೆ ಕನ್ನಡದ ಚೀಟಿ ಕೊಡಿ ಅಂತ ಬರೆದ ಅರ್ಜಿ ಆ ಮೇಜಿನ ಮೇಲಿದೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿ ಹೋಗಿ.