ಜೇನಿನ ಬಾಟಲಿಯೂ ಕಾಡಿನ ಒಡೆತನವೂ



ಬಿಳಿಗಿರಿಯ ರಂಗನಾಥಸ್ವಾಮಿ ಸೋಲಿಗರಿಗೆ ದೇವರಷ್ಟೇ ಅಲ್ಲ, ಭಾವ. ತಮ್ಮ ಕುಲದ ಕುಸುಮಾಲೆಯನ್ನು ವರಿಸಿ ನೆಂಟನಾದವನು ಎಂಬುದು ಅವರ ಪೋಡುಗಳಲ್ಲಿ ಇಂದಿಗೂ ಉಳಿದಿರುವ ನಂಬಿಕೆ. ಆ ಭಾವನ ದರ್ಶನಕ್ಕೆ ಬೆಟ್ಟವೇರುವ ಪಟ್ಟಣಿಗರು ಇಳಿಯುವಾಗ ಒಂದು ಬಾಟಲಿ ಜೇನು ಕೊಳ್ಳುತ್ತಾರೆ. ಚೌಕಾಸಿ ಮಾಡದೆ ಕೊಳ್ಳುವವರು ವಿರಳ. ಬಾಟಲಿಯ ಮೇಲೆ ಬಿಲ್ಲು ಹಿಡಿದ ಬುಡಕಟ್ಟಿನವನೊಬ್ಬನ ಚಿತ್ರವಿದ್ದರೆ ಗಿರಿಜನರಿಗೆ ನೆರವಾದ ತೃಪ್ತಿಯೂ ಅದರ ಜೊತೆಗೆ ದೊರೆಯುತ್ತದೆ. ಆದರೆ ಚಿತ್ರದಲ್ಲಿರುವವನು ಆ ವ್ಯಾಪಾರದ ಒಡೆಯನೋ, ಕೂಲಿಯಾಳೋ, ಅಥವಾ ಬರಿಯ ಅಲಂಕಾರವೋ ಎಂದು ಕೇಳುವವರು ಕಡಿಮೆ. ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ಹೆಜ್ಜೇನು ಸಾಕುವ ಹುಳುವಲ್ಲ. ಅದು ಮುಗಿಲೆತ್ತರದ ಮರದ ಕೊಂಬೆಗಳಲ್ಲಿ, ಕಡಿದಾದ ಬಂಡೆಯ ಮಗ್ಗುಲಲ್ಲಿ ತಟ್ಟಿ ಕಟ್ಟುತ್ತದೆ. ಬೇಸಗೆಯ ಕೊನೆಯಿಂದ ಮುಂಗಾರು ಹಿಡಿಯುವವರೆಗಿನ ಕೆಲವೇ ವಾರಗಳಲ್ಲಿ, ಬಹುಮಟ್ಟಿಗೆ ರಾತ್ರಿಯ ಹೊತ್ತು, ಹೊಗೆಯಾಡುವ ಸೊಪ್ಪಿನ ಸೂಡಿ ಹಿಡಿದು ಮರವೇರಬೇಕು. ಒಬ್ಬನು ಏರಿದರೆ ಕೆಳಗೆ ನಿಂತವರ ಮೇಲೆ ಅವನ ಪ್ರಾಣವಿರುತ್ತದೆ. ಹೀಗೆ ಇಳಿದ ಜೇನು ಎಲ್ಲ ವರ್ಷವೂ ಒಂದೇ ಬಣ್ಣದ್ದಲ್ಲ. ನೇರಳೆ ಹೂ ಬಿರಿದ ವರ್ಷ ನಾಲಿಗೆಗೆ ತುಸು ಕಹಿ ತಾಗುತ್ತದೆ. ನೀರಿನಂಶ ಹೆಚ್ಚಿರುವುದರಿಂದ ತೆಳುವಾಗಿರುತ್ತದೆ. ಅಂಗಡಿಯ ಮಂದವಾದ, ಎಂದೂ ಬದಲಾಗದ ಹೊಂಬಣ್ಣಕ್ಕೆ ಒಗ್ಗಿದ ಗ್ರಾಹಕ ಇದನ್ನೇ ಕಲಬೆರಕೆಯೆಂದು ಮೂಗು ಮುರಿಯುತ್ತಾನೆ! ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2020ರ ಡಿಸೆಂಬರಿನಲ್ಲಿ ಪ್ರಕಟಿಸಿದ ಪರೀಕ್ಷಾ ಫಲಿತಾಂಶದಲ್ಲಿ, ಮಾರುಕಟ್ಟೆಯ 22 ಮಾದರಿಗಳ ಪೈಕಿ ಎಲ್ಲ ಪರೀಕ್ಷೆಗಳನ್ನೂ ದಾಟಿದವು 5 ಮಾತ್ರ. ಕಂಪನಿಗಳು ಆ ಫಲಿತಾಂಶವನ್ನು ಅಲ್ಲಗಳೆದವು, ನಿಜ. ಆದರೂ ಅಗ್ಗದ ಸಕ್ಕರೆ ಪಾಕದ ಬೆಲೆಯ ಪಕ್ಕದಲ್ಲಿ ನಿಲ್ಲಿಸಿ ಕಾಡುಜೇನಿನ ಬೆಲೆಯನ್ನು ದುಬಾರಿಯೆನ್ನುವುದು ನ್ಯಾಯವಲ್ಲ.

ಬೆಲೆಯ ಮಾತಿನ ಹಿಂದೆ ಹಕ್ಕಿನ ಮಾತಿದೆ. ಜನರ ಬಾಯಲ್ಲಿ ಲ್ಯಾಂಪ್ಸ್ ಎನಿಸಿಕೊಂಡ ಗಿರಿಜನ ವಿವಿಧೋದ್ದೇಶ ಸಹಕಾರ ಸಂಘಗಳು ಜೇನು, ಸೀಗೆ, ಅಂಟುವಾಳ, ನೆಲ್ಲಿ, ಕಲ್ಲುಹೂಗಳನ್ನು ಸಂಗ್ರಹಿಸಿ ಮಾರಲೆಂದು ಹುಟ್ಟಿದವು. ಸದಸ್ಯರು ಗಿರಿಜನರೇ; ಆದರೆ ಲೆಕ್ಕಪುಸ್ತಕ, ಟೆಂಡರು, ದರನಿಗದಿಗಳು ಬಹುಕಾಲ ಅಧಿಕಾರಿಗಳ ನೆರಳಿನಲ್ಲಿಯೇ ನಡೆದವು. 1981ರಲ್ಲಿ ಡಾ. ಎಚ್. ಸುದರ್ಶನ್ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಕೆಲಸದಿಂದ ಬಿಳಿಗಿರಿಯಲ್ಲಿ ಶಿಕ್ಷಣ, ಆರೋಗ್ಯ, ಸಂಘಟನೆಗಳು ಬೆಳೆದು ಸೋಲಿಗರು ತಮ್ಮ ದನಿಯೆತ್ತತೊಡಗಿದ್ದರು. ಅಷ್ಟರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ತಂದ ತಿದ್ದುಪಡಿಯ ಆಧಾರದ ಮೇಲೆ, ಅಭಯಾರಣ್ಯದಲ್ಲಿ ಮಾರಾಟಕ್ಕಾಗಿ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವುದಕ್ಕೇ ತಡೆ ಬಿದ್ದಿತು. ಒಂದು ಜನಾಂಗದ ಮುಖ್ಯ ಆದಾಯ ಕಾಗದವೊಂದರಿಂದ ನಿಂತುಹೋಯಿತು.

ಆಮೇಲೆ ಬಂದದ್ದು 2006ರ ಅರಣ್ಯ ಹಕ್ಕು ಕಾಯಿದೆ. ಸಾಂಪ್ರದಾಯಿಕವಾಗಿ ಸಂಗ್ರಹಿಸುತ್ತ ಬಂದ ಕಿರು ಅರಣ್ಯ ಉತ್ಪನ್ನಗಳ ಮೇಲೆ ಅದು ಕೊಟ್ಟದ್ದು ಆಯುವ ಪರವಾನಗಿಯನ್ನಲ್ಲ, ಒಡೆತನವನ್ನು. ಬಳಸುವ, ಮಾರುವ ಹಕ್ಕೂ ಅದರಲ್ಲಿ ಸೇರಿದೆ. ಬಿಳಿಗಿರಿ 2011ರಲ್ಲಿ ಹುಲಿ ಮೀಸಲು ಪ್ರದೇಶವಾದಾಗ ಒಕ್ಕಲೆಬ್ಬಿಸುವ ಭಯ ಪೋಡುಗಳನ್ನು ಆವರಿಸಿತ್ತು. ಅದೇ ವರ್ಷದ ಅಕ್ಟೋಬರ್ 2ರಂದು ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ದೊರೆಯಿತು. ಹುಲಿ ಮೀಸಲಿನೊಳಗೆ ಅಂಥ ಹಕ್ಕು ಮಾನ್ಯವಾದದ್ದು ದೇಶದಲ್ಲೇ ಅದು ಮೊದಲು ಎನ್ನುತ್ತಾರೆ. ಸೋಲಿಗರ ಜೇನು, ಸೋಲಿಗರ ಕಾಫಿ ಎಂಬ ಮಾತಿಗೆ ಕಾನೂನಿನ ಅರ್ಥ ಬಂದದ್ದು ಆ ದಿನದಿಂದ. ಕಾಡಿನಲ್ಲಿ ಕಾಲಿಡುವ ಹಕ್ಕು ಅನಿಶ್ಚಿತವಾಗಿರುವವನಿಗೆ ಉದ್ಯಮಿ ಎಂಬ ಬಿರುದು ಕೊಟ್ಟರೆ ಏನು ಬಂತು?

ಒಡೆತನವನ್ನು ಗುರುತಿಸುವ ಬಗೆಗೆ ನೆರೆಯ ನೀಲಗಿರಿಯಲ್ಲಿ ಒಳ್ಳೆಯ ನಿದರ್ಶನವಿದೆ. ಕೋಟಗಿರಿಯ ಕೀಸ್ಟೋನ್ ಫೌಂಡೇಶನ್ನಿನ ಕೆಲಸದ ಬೆನ್ನಿಗೆ 2013ರಲ್ಲಿ ರೂಪುಗೊಂಡ ‘ಆದಿಮಲೈ ಪಳಂಗುಡಿಯಿನರ್’ ಒಂದು ಉತ್ಪಾದಕರ ಕಂಪನಿ. ಇಂಥ ಕಂಪನಿಯಲ್ಲಿ ಉತ್ಪಾದಕರಲ್ಲದವರು ಷೇರು ಹೊಂದುವಂತಿಲ್ಲ. ಷೇರು ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಮತ. ನೀಲಗಿರಿಯ ಬುಡಕಟ್ಟುಗಳ ಜನರೇ ಇದರ ಷೇರುದಾರರು. 2021ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಇದಕ್ಕೆ ಸಂದಿತು. (ಆ ವರ್ಷವೇ ಹೊನ್ನಾವರದ ಸ್ನೇಹಕುಂಜಕ್ಕೂ ಅದೇ ಪ್ರಶಸ್ತಿ ಬಂದದ್ದು ಮಲೆನಾಡಿಗರು ನೆನೆಯಬೇಕಾದ ಸಂಗತಿ.) ಬುಡಕಟ್ಟಿನವರಿಂದ ನ್ಯಾಯವಾದ ಬೆಲೆಗೆ ಕೊಂಡು ಮಾರುವ ಸಜ್ಜನರ ಸಂಸ್ಥೆಗಳೂ ಇವೆ, ಅವು ಬೇಡವೆಂದಲ್ಲ. ಆದರೆ ಸಜ್ಜನಿಕೆ ಬೇರೆ, ಒಡೆತನ ಬೇರೆ. ಲಾಭ ಬಂದ ವರ್ಷ ಅದನ್ನು ಹಂಚುವ ಸಭೆಯಲ್ಲಿ ಮರವೇರಿದವನು ಕೈಯೆತ್ತಬಲ್ಲನೇ ಎಂದು ವಿಚಾರಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಅಮೆರಿಕದಲ್ಲಿ ಮೂಲನಿವಾಸಿಗಳು ತಯಾರಿಸದ ವಸ್ತುವನ್ನು ಅವರ ಹೆಸರಿನಲ್ಲಿ ಮಾರುವುದು 1990ರ ಕರಕುಶಲ ಕಾಯಿದೆಯಡಿ ಶಿಕ್ಷಾರ್ಹ. ಇಲ್ಲಿ ಆ ವಿಚಾರಣೆಯ ಭಾರ ಬಹುಪಾಲು ಗ್ರಾಹಕನ ಮೇಲೆಯೇ ಇದೆ.

ಹಾಗೆಂದು ಹೆಚ್ಚು ಹೆಚ್ಚು ಕೊಳ್ಳುವುದೇ ಬೆಂಬಲವಲ್ಲ. ಉಪ್ಪಿನಕಾಯಿಗೂ ಶರಬತ್ತಿಗೂ ಬೇಡಿಕೆಯೇರಿ, ಅಗೆದಗೆದು ಮಾಕಳಿಬೇರು ದಕ್ಷಿಣದ ಕಾಡುಗಳಲ್ಲಿ ಕ್ಷೀಣಿಸಿದೆ. ನೆಲ್ಲಿಮರಗಳನ್ನು ಬದನಿಕೆ ಮುತ್ತುತ್ತಿದೆ. ತರಗುಬೆಂಕಿ ಹಾಕುವ ಹಳೆಯ ಪದ್ಧತಿಯನ್ನು ನಿಲ್ಲಿಸಿದ್ದೇ ಅದಕ್ಕೆ ಕಾರಣವೆಂದು ಸೋಲಿಗರು ಹೇಳುತ್ತ ಬಂದಿದ್ದಾರೆ. ಯಾವುದನ್ನು ಎಷ್ಟು ಕೊಯ್ಯಬೇಕೆಂಬ ತೀರ್ಮಾನ ಗ್ರಾಮಸಭೆಯದು. ಹೂ ಕೈಕೊಟ್ಟ ವರ್ಷ ‘ಈ ಸಲ ಜೇನಿಲ್ಲ’ ಎಂಬ ಉತ್ತರವನ್ನು ಮರುಮಾತಿಲ್ಲದೆ ಒಪ್ಪಿಕೊಳ್ಳುವ ಗ್ರಾಹಕ ಬೇಕು. ಹಕ್ಕುಪತ್ರದ ಅರ್ಜಿಗಳು ಕಚೇರಿಯ ಕಡತದಲ್ಲಿ ಕೊಳೆಯುವಾಗ ಮೌನವಾಗಿದ್ದು ಹಬ್ಬದ ಉಡುಗೊರೆಗೆ ಮಾತ್ರ ಗಿರಿಜನರ ಜೇನನ್ನು ಹುಡುಕುವವನ ಸ್ನೇಹ ಅರೆಸ್ನೇಹ.

ಕೊನೆಯದಾಗಿ ಹಣದ ಮಾತು, ಅದೂ ಹಣ ಕೈಸೇರುವ ಹೊತ್ತಿನ ಮಾತು. ಮಧ್ಯವರ್ತಿ ಗೆಲ್ಲುವುದು ಹೆಚ್ಚು ಬೆಲೆ ಕೊಟ್ಟಲ್ಲ, ಮೊದಲೇ ಕೊಟ್ಟು. ಮನೆಯಲ್ಲಿ ಅಕ್ಕಿ ಮುಗಿದ ದಿನ ಮುಂಗಡ ಕೊಡುವವನಿಗೆ ಮುಂದಿನ ಸುಗ್ಗಿಯ ಜೇನು ಬರೆದುಹೋಗಿರುತ್ತದೆ. ಬುಡಕಟ್ಟಿನವರ ಸ್ವಂತ ಸಂಸ್ಥೆಗೆ ಆ ಬಂಡವಾಳವಿರುವುದಿಲ್ಲ. ಅದರ ಮೇಲೆ, ಸಾಲದಲ್ಲಿ ಮಾಲು ಪಡೆದು ತಿಂಗಳುಗಟ್ಟಲೆ ಹಣ ಉಳಿಸಿಕೊಳ್ಳುವ ನಗರದ ಅಂಗಡಿಗಳು ಬೇರೆ. ಹತ್ತು ಮನೆಗಳು ಕೂಡಿ ಚೈತ್ರದಲ್ಲಿಯೇ ಹಣ ಕಟ್ಟಿ, ಆಷಾಢದಲ್ಲಿ ಬಂದಷ್ಟು ಜೇನನ್ನು ಹಂಚಿಕೊಳ್ಳುವ ಏರ್ಪಾಡು ಕಷ್ಟದ್ದೇನಲ್ಲ. ಮಲೆನಾಡಿನ ಸಹಕಾರ ಸಂಘಗಳಿಗೆ ಅಡಿಕೆಯ ಮೇಲೆ ಮುಂಗಡ ಕೊಡುವ ವಾಡಿಕೆ ಹಳೆಯದು; ಅದನ್ನೇ ಜೇನಿಗೂ ಸೀಗೆಗೂ ವಿಸ್ತರಿಸಬಹುದು. ಚೈತ್ರ ಬರುವ ಮುನ್ನ ಊರೂರಿನ ಗ್ರಾಹಕರು ಪಟ್ಟಿಯೊಂದನ್ನು ಸಿದ್ಧಪಡಿಸಿದರೆ ಸಾಕು, ಉಳಿದ ಲೆಕ್ಕವನ್ನು ಪೋಡಿನವರೇ ಬರೆದುಕೊಳ್ಳುತ್ತಾರೆ.