ಕಬ್ಬಿನ ಸಿಪ್ಪೆಯೊಳಗಿನ ಪಾಠ



ಹಂಗಾಮು ಶುರುವಾಯಿತೆಂದರೆ ರಾಯಬಾಗ, ಅಥಣಿ, ಕಾಗವಾಡದ ರಸ್ತೆಗಳ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಅತ್ತ ಚಿಕ್ಕೋಡಿ, ನಿಪ್ಪಾಣಿಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಮೆಕ್ಯಾನಿಕಲ್ ಓದುವವರಿಗೆ ರ‍್ಯಾಂಕಿನ್ ಚಕ್ರದ, ಅಂದರೆ ನೀರನ್ನು ಹಬೆಯಾಗಿಸಿ ಟರ್ಬೈನ್ ತಿರುಗಿಸುವ ಕ್ರಮದ, ಪಾಠ. ಬಾಯ್ಲರ್, ಟರ್ಬೈನ್, ಕಂಡೆನ್ಸರ್, ಪಂಪು. ನಾಲ್ಕು ಚೌಕ, ನಾಲ್ಕು ಬಾಣ. ಅಪ್ಪ ಬೆಳೆದ ಕಬ್ಬು ಉಗಾರದ ಸಕ್ಕರೆ ಕಾರ್ಖಾನೆಗೆ ಹೋಗುತ್ತಿದ್ದರೂ ಮಗ ಆ ಪಾಠವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದರೆ ನನಗೆ ಸಂಕಟವಾಗುತ್ತದೆ.

ಏಕೆಂದರೆ ಆ ಪಾಠದ ಬಹುಪಾಲು ಕಾರ್ಖಾನೆಯೊಳಗೇ ನಡೆಯುತ್ತಿರುತ್ತದೆ. ನೂರು ಟನ್ ಕಬ್ಬು ಅರೆದರೆ ಸುಮಾರು 28ರಿಂದ 30 ಟನ್ ಸಿಪ್ಪೆ ಉಳಿಯುತ್ತದೆ, ಅದರಲ್ಲಿ ಅರ್ಧದಷ್ಟು ನೀರೇ. ಆ ಸಿಪ್ಪೆಯೇ ಬಾಯ್ಲರಿನ ಉರುವಲು. ಟರ್ಬೈನ್ ತಿರುಗಿಸಿ ಬಂದ ಹಬೆ ರಸವನ್ನು ಕುದಿಸುತ್ತದೆ. ರಸದಿಂದ ಎದ್ದ ಆವಿ ಮುಂದಿನ ಪಾತ್ರೆಯ ರಸವನ್ನು ಕುದಿಸುತ್ತದೆ. ಹೇಗೆ? ಮುಂದಿನ ಪಾತ್ರೆಯಲ್ಲಿ ಒತ್ತಡ ಕಡಿಮೆ, ಹಾಗಾಗಿ ಕಡಿಮೆ ಉಷ್ಣಾಂಶದಲ್ಲೇ ಕುದಿ ಬರುತ್ತದೆ. 1843ರಲ್ಲಿ ಅಮೆರಿಕದ ನಾರ್ಬರ್ಟ್ ರಿಲಿಯೂ ಪೇಟೆಂಟ್ ಪಡೆದದ್ದು ಈ ಉಪಾಯಕ್ಕೇ. ನಮ್ಮ ಬೆಲ್ಲದ ಗಾಣಗಳಲ್ಲೋ, ಕೊಪ್ಪರಿಗೆಯ ಆವಿಯೆಲ್ಲ ಗಾಳಿಗೆ ಹೋಗುತ್ತದೆ.

ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಕಾರ್ಖಾನೆಗೆ ಹೋಗಿ, ಯಂತ್ರ ನೋಡಿ, ಫೋಟೋ ತೆಗೆಸಿಕೊಂಡು ಬಂದರೆ ಸಾಲದು. ಮೇಷ್ಟ್ರು ಒಂದು ಪ್ರಶ್ನೆ ಕೊಟ್ಟು ಕಳಿಸಲಿ: ಹಸಿ ಸಿಪ್ಪೆಯನ್ನು ತೂಗಿ, ಲ್ಯಾಬಿನಲ್ಲಿ ಒಣಗಿಸಿ, ಮತ್ತೆ ತೂಗಿ. ಹೋದ ನೀರನ್ನು ಆವಿ ಮಾಡಲು ಎಷ್ಟು ಶಾಖ ಬೇಕಾಯಿತೆಂದು ಲೆಕ್ಕ ಹಾಕಿ. ಆಮೇಲೆ ವಿದ್ಯಾರ್ಥಿಗಳು ಊರಿನ ಗಾಣದ ಒಲೆಗೂ ಅದೇ ಲೆಕ್ಕ ಹಚ್ಚಿ, ಗಾಣದವರ ಜೊತೆ ಕುಳಿತು ಮಾತಾಡಲಿ.