ಸಲಾಮಿನ ಹುಕುಂ

ಕೇಳುಗರೇ, ನಮಸ್ಕಾರ. ಈ ನಮಸ್ಕಾರ ನಾನು ದಿನಾ ಹೇಳುವಂಥದ್ದು, ಯಾರೂ ಬಂದೂಕು ಹಿಡಿದು ಹೇಳಿಸುವುದಿಲ್ಲ. 1919ರ ಏಪ್ರಿಲ್‌ನಲ್ಲಿ ಹಾಗಿರಲಿಲ್ಲ.

ಗಾಂಧೀಜಿಯ ಬಂಧನದ ಸುದ್ದಿಗೆ ಅಹಮದಾಬಾದ್ ಹೊತ್ತಿ ಉರಿದಾಗ ಅಲ್ಲಿ ಸೇನಾಡಳಿತ ಬಂತು. ಹತ್ತು ಜನಕ್ಕಿಂತ ಹೆಚ್ಚು ಸೇರಿದರೆ ಗುಂಡು! ಏಪ್ರಿಲ್ 14ಕ್ಕೆ ಅದು ಮುಗಿಯಿತು. ಪಂಜಾಬಿನಲ್ಲಿ ಮಾತ್ರ ಸೈನ್ಯಕ್ಕೆ ಶಾಂತಿಯಷ್ಟೇ ಸಾಲಲಿಲ್ಲ, ಮರ್ಯಾದೆಯೂ ಬೇಕಾಯಿತು. ಗುಜ್ರನ್‌ವಾಲಾದಲ್ಲಿ ಬ್ರಿಟಿಷ್ ಅಧಿಕಾರಿ ಎದುರಾದರೆ ಗಾಡಿಯಿಂದ ಇಳಿಯಬೇಕು, ಕೊಡೆ ಮಡಚಬೇಕು, ಸಲಾಮು ಹೊಡೆಯಬೇಕು. ಕೊಡೆಯಲ್ಲೂ ದಂಗೆ ಕಂಡ ಜನ!

ಅಮೃತಸರದ ಓಣಿಯೊಂದರಲ್ಲಿ ಶೆರ್ವುಡ್ ಎಂಬ ಮಿಷನರಿ ಮಹಿಳೆಯ ಮೇಲೆ ಹಲ್ಲೆ ನಡೆದಿತ್ತು. ಆಕೆಯನ್ನು ಉಳಿಸಿದವರೂ ಭಾರತೀಯರೇ ಅನ್ನಿ. ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರಿಸಿದ್ದ ಜನರಲ್ ಡಯರ್, 19ರಂದು, ಆ ಓಣಿ ಹಾಯುವ ಭಾರತೀಯರೆಲ್ಲ ತೆವಳಬೇಕೆಂದ. ಸುಮಾರು 150 ಗಜ, ಹೊಟ್ಟೆಯ ಮೇಲೆ. ಸೊಂಟ ಎತ್ತಿದರೆ ಸೈನಿಕರ ಬೂಟು. ಅಲ್ಲೇ ಮನೆಯಿದ್ದವರು ಏನು ಮಾಡಬೇಕು, ನೀವೇ ಹೇಳಿ?

ವಿಚಾರಣೆಗೆ ನೇಮಿಸಿದ ಹಂಟರ್ ಸಮಿತಿ 1920ರ ಜನವರಿಯಲ್ಲಿ ಅಹಮದಾಬಾದಿಗೂ ಬಂತು, ಗಾಂಧೀಜಿ ಸಾಕ್ಷಿ ನುಡಿದರು. ಮುಂದೆ ಅದೇ ಊರಿನ ‘ನವಜೀವನ’ದಲ್ಲಿ ಕಂತುಕಂತಾಗಿ ಬಂದ ಆತ್ಮಕಥೆಯಲ್ಲಿ, ಈ ತೆವಳುವ ಹುಕುಮಿನೆದುರು ಜಲಿಯನ್‌ವಾಲಾ ಬಾಗ್ ದುರಂತವೂ ತಮ್ಮ ಕಣ್ಣಿಗೆ ಸಣ್ಣದಾಯಿತೆಂದು ಬರೆದರು. ನನಗಿದು ಪೂರ್ತಿ ಒಪ್ಪಿಗೆಯಿಲ್ಲ. ಸತ್ತವರ ಮನೆಯವರಿಗೆ ಹಾಗೆ ಹೇಳಲಾದೀತೇ? ಆದರೆ ತೆವಳಿದವನು ಮನೆಗೆ ಬಂದು ಮಕ್ಕಳ ಮುಖ ನೋಡಬೇಕಿತ್ತಲ್ಲ, ಅದನ್ನು ಗಾಂಧೀಜಿ ಬಲ್ಲವರಾಗಿದ್ದರು.

ಮೇಲಿನವರು ಕೆಲವೇ ದಿನಗಳಲ್ಲಿ ಆಜ್ಞೆ ರದ್ದು ಮಾಡಿಸಿದರು. ಅಷ್ಟರೊಳಗೆ ಸುಮಾರು 50 ಮಂದಿ ತೆವಳಿಯಾಗಿತ್ತು.